ಇದನ್ನು ದಾನದ ಬಾಬ್ತಿಗೆ ಬರೆಯಬೇಡಿ

ಪೂಜ್ಯ ಬಿಷಪ್‌ಗಳೇ, ಸಭಾಪಾಲಕರೇ, ದೇವಶಾಸ್ತ್ರ ಕಲಿಸುವ ಗುರುಗಳೇ,

ಕರ್ತನ ಹೆಸರಿನಲ್ಲಿ ವಂದನೆಗಳು.

ನಾನು ಪಾದ್ರಿಯಲ್ಲ. ದೇವಶಾಸ್ತ್ರದ ಪದವಿಯೂ ಇಲ್ಲ. ಒಂದು ಸಭೆಯ ಖಜಾಂಚಿ. ಆರಾಧನೆ ಮುಗಿದು ಎಲ್ಲರೂ ಹೊರಗೆ ನಿಂತು ಮಾತಾಡುವಾಗ ಒಳಗೆ ಕೂತು ಕಾಣಿಕೆ ಚೀಲದ ಚಿಲ್ಲರೆ ಎಣಿಸುವವನು. ಹಾಗಾಗಿ ಈ ಪತ್ರದಲ್ಲಿ ಲೆಕ್ಕದ ಮಾತು ಸ್ವಲ್ಪ ಜಾಸ್ತಿ. ಸಹಿಸಿಕೊಳ್ಳಿ.

ಸ್ವಲ್ಪ ದಿನದ ಹಿಂದಿನ ಮಾತು. ದೂರದ ನಾಡೊಂದರಲ್ಲಿ ನೆರೆ ಬಂದು ಊರಿಗೆ ಊರೇ ಮುಳುಗಿತ್ತು. ನಮ್ಮಲ್ಲಿ ವಿಶೇಷ ಕಾಣಿಕೆ ಎತ್ತಿದೆವು. ಜನ ಕೈಬಿಚ್ಚಿ ಕೊಟ್ಟರು. ಸಂಜೆ ಪುಸ್ತಕ ತೆರೆದು ತಾರೀಕು ಬರೆದೆ, ಮೊತ್ತ ಬರೆದೆ. ಬಾಬ್ತು ಬರೆಯುವ ಕಡೆ ಪೆನ್ನು ನಿಂತಿತು. ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ. ‘ದಾನ ಅಂತ ಬರಿ, ಇನ್ನೇನು?’ ಅಂದರು. ಬರೆದೆ. ಮನೆಗೆ ಬಂದ ಮೇಲೂ ಆ ಪದ ಗಂಟಲಲ್ಲಿ ಸಿಕ್ಕಿಕೊಂಡ ಹಾಗೇ ಇತ್ತು.

ದಾನ ಅಂದರೆ ನನ್ನದನ್ನು ನಾನಾಗಿ ಕೊಡುವುದು. ಕೊಡದಿದ್ದರೆ ಯಾರೂ ಯಾಕೆ ಅಂತ ಕೇಳುವಂತಿಲ್ಲ. ಆದರೆ ಆ ನೀರು ಅಷ್ಟು ಏರಿದ್ದರಲ್ಲಿ ನನ್ನ ಪಾಲೂ ಇದ್ದರೆ? ಆಗ ನಾವು ಕೊಟ್ಟದ್ದು ಬಾಕಿ ತೀರಿಸಿದ ಹಾಗೆ. ದಾನ ಕೊಟ್ಟವನಿಗೆ ಧನ್ಯವಾದ ಸಿಗುತ್ತದೆ. ಬಾಕಿ ತೀರಿಸಿದವನಿಗೆ ರಸೀದಿ ಸಿಗುತ್ತದೆ, ಅಷ್ಟೇ.

ನಿಮ್ಮಲ್ಲಿ ನನ್ನ ಬೇಡಿಕೆ ಇದೇ. ಸೃಷ್ಟಿಯ ವಿಷಯ, ಹವಾಮಾನದ ವಿಷಯ ಈಗ ಆರಾಧನೆಯಲ್ಲಿ ಬರುವುದು ಕೊನೆಯ ಪ್ರಕಟಣೆಗಳ ಹೊತ್ತಿಗೆ. ಸಸಿ ನೆಡುವ ದಿನ ಯಾವಾಗ, ಮಕ್ಕಳ ಚಿತ್ರಕಲಾ ಸ್ಪರ್ಧೆ ಯಾವಾಗ, ಮುಗಿಯಿತು. ಅದನ್ನು ಅಲ್ಲಿಂದ ಎತ್ತಿ ಪಾಪದ ಅರಿಕೆಯ ಪ್ರಾರ್ಥನೆಯಲ್ಲಿ ಇಡಿ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಕಲ್ಲಿದ್ದಲು, ಪೆಟ್ರೋಲು, ಅನಿಲ ಸುಟ್ಟಾಗ ಹುಟ್ಟುವ, ಭೂಮಿಯ ಬಿಸಿ ಏರಿಸಿ ನೆರೆ ಬರಗಳನ್ನು ಜೋರು ಮಾಡುವ ಕಾರ್ಬನ್ ಡೈಆಕ್ಸೈಡ್ ಒಲೆಯ ಹೊಗೆಯ ಹಾಗೆ ಚದುರಿ ಮಾಯವಾಗುವುದಿಲ್ಲ. ಒಂದಷ್ಟನ್ನು ಕಡಲೂ ಗಿಡಮರವೂ ಹೀರಿಕೊಳ್ಳುತ್ತವೆ. ಉಳಿದದ್ದರಲ್ಲಿ ಬಹಳಷ್ಟು ನೂರಾರು ವರ್ಷ ಗಾಳಿಯಲ್ಲೇ ಇರುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಇದು ಪ್ರತಿ ವರ್ಷ ಮುಂದಕ್ಕೆ ಎಳೆದುಕೊಂಡು ಬರುವ ಆರಂಭ ಶಿಲ್ಕು. ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 280 ಭಾಗ ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಕೂತಾಗ 315ರ ಆಸುಪಾಸು. ಈಗ 420 ದಾಟಿದೆ. ಇವತ್ತಿನ ಆ ಅಂಕಿಯೊಳಗೆ ನಮ್ಮ ಮುತ್ತಜ್ಜಂದಿರ ಕಾಲದ ಉಗಿಬಂಡಿಯ ಹೊಗೆಯೂ ಇದೆ.

ಇನ್ನು ಯಾರ ಹೆಸರಿಗೆ ಎಷ್ಟು? ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2022ರಲ್ಲಿ ಕೊಟ್ಟ ವರದಿಯಲ್ಲಿ ಇದರ ಲೆಕ್ಕವಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಹೊಗೆ ಬಿಡುವ ಶೇ 10ರಷ್ಟು ಮನೆಗಳ ಪಾಲು ಶೇ 34ರಿಂದ 45. ಕೆಳಗಿನ ಅರ್ಧದಷ್ಟು ಮನೆಗಳೆಲ್ಲ ಸೇರಿದರೂ ಶೇ 13ರಿಂದ 15. ಅದೇ ವರ್ಷ ಬಂದ ಅದರ ಇನ್ನೊಂದು ವರದಿ ಸಾವಿನ ಲೆಕ್ಕ ಹೇಳುತ್ತದೆ. 2010ರಿಂದ 2020ರ ನಡುವೆ ನೆರೆ, ಬರ, ಬಿರುಗಾಳಿಗೆ ಸತ್ತವರ ಪ್ರಮಾಣ ತೀರಾ ದುರ್ಬಲ ಪ್ರದೇಶಗಳಲ್ಲಿ, ಗಟ್ಟಿಯಾಗಿರುವ ಪ್ರದೇಶಗಳಿಗಿಂತ 15 ಪಟ್ಟು ಜಾಸ್ತಿ.

ಬೈಬಲಿನಲ್ಲಿ ಪ್ರವಾದಿ ಯೆಹೆಜ್ಕೇಲನ 18ನೇ ಅಧ್ಯಾಯದಲ್ಲಿ ಒಂದು ಗಾದೆ ಬರುತ್ತದೆ. ಹೆತ್ತವರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತುಹೋಯಿತು. ಈ ಗಾದೆ ಇನ್ನು ನಿಮ್ಮ ಬಾಯಲ್ಲಿ ಬರಕೂಡದು ಎಂದು ದೇವರು ಗದರುತ್ತಾನೆ. ನಾವು ಆ ಗಾದೆಗಿಂತಲೂ ಕೆಟ್ಟದ್ದನ್ನು ಮಾಡಿಟ್ಟಿದ್ದೇವೆ. ಹುಳಿ ದ್ರಾಕ್ಷಿ ತಿಂದದ್ದು ಒಂದು ಮನೆಯವರು, ಹಲ್ಲು ಚಳಿತದ್ದು ಎದುರು ಮನೆಯ ಮಕ್ಕಳದ್ದು.

ಈಗ ಜಕ್ಕಾಯನ ಹತ್ತಿರ ಬರುತ್ತೇನೆ. ಲೂಕನ 19ನೇ ಅಧ್ಯಾಯ. ಸಂಡೇ ಸ್ಕೂಲಿನಲ್ಲಿ ಅವನು ಕುಳ್ಳಗಿದ್ದ, ಮರ ಹತ್ತಿದ ಅನ್ನುವಲ್ಲಿಗೇ ಕಥೆ ನಿಲ್ಲಿಸಿಬಿಡುತ್ತೇವೆ. ನನಗೆ ಅವನು ಇಷ್ಟವಾಗುವುದು ಮರದಿಂದ ಇಳಿದ ಮೇಲೆ. ಸುಂಕದವರ ಮುಖ್ಯಸ್ಥ, ಅಂದರೆ ಅವನೂ ಲೆಕ್ಕದ ಮನುಷ್ಯನೇ. 8ನೇ ವಚನದಲ್ಲಿ ಅವನು ಯೇಸುವಿನ ಮುಂದೆ ನಿಂತು ಎರಡು ಮಾತು ಹೇಳುತ್ತಾನೆ. ನನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ. ಮೋಸ ಮಾಡಿ ಯಾರಿಂದಲಾದರೂ ಏನಾದರೂ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ.

ಗಮನಿಸಿದಿರಾ? ಎರಡು ಬಾಬ್ತು. ಮೊದಲನೆಯದು ದಾನ, ಎರಡನೆಯದು ಬಾಕಿ. ಅವನು ಎರಡನ್ನೂ ಕಲಸಿ ಒಂದೇ ಕಡೆ ಬರೆಯಲಿಲ್ಲ. ‘ಅರ್ಧ ಆಸ್ತಿ ಕೊಟ್ಟೆನಲ್ಲ, ಹಳೆಯದನ್ನೆಲ್ಲ ಅದರಲ್ಲೇ ವಜಾ ಮಾಡಿಕೊಳ್ಳಿ’ ಅನ್ನಲಿಲ್ಲ. ಅರಣ್ಯಕಾಂಡ 5ರ ಪ್ರಕಾರ ತಾನಾಗಿ ತಪ್ಪು ಒಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಭಾಗ ಸೇರಿಸಿ ಕೊಟ್ಟರೆ ಸಾಕಿತ್ತು. ಜಕ್ಕಾಯ ಹಿಡಿದದ್ದು ವಿಮೋಚನಕಾಂಡ 22ರ ದರ. ಕುರಿ ಕದ್ದು ಕೊಯ್ದವನೋ ಮಾರಿದವನೋ ಒಂದಕ್ಕೆ ನಾಲ್ಕು ಕೊಡಬೇಕು ಎಂಬ ಕಳ್ಳನ ದರ. ತನ್ನನ್ನು ತಾನು ಕಳ್ಳ ಎಂದೇ ಪುಸ್ತಕದಲ್ಲಿ ಬರೆದುಕೊಂಡ. ಈ ಹೊತ್ತು ಈ ಮನೆಗೆ ರಕ್ಷಣೆ ಬಂತು ಎಂದು ಯೇಸು ಹೇಳುವುದು ಅದಾದ ಮೇಲೆ.

ಅರಣ್ಯಕಾಂಡದ ಆ ಅಧ್ಯಾಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಅಲ್ಲಿ ಪಾಪದ ಅರಿಕೆಯೂ ಹಣ ತಿರುಗಿ ಕೊಡುವುದೂ ಒಂದೇ ವಚನದಲ್ಲಿವೆ. ನಡುವೆ ಉಸಿರು ತೆಗೆದುಕೊಳ್ಳಲೂ ಜಾಗವಿಲ್ಲ. ಅರಿಕೆಯನ್ನು ಬೆಳಗಿನ ಆರಾಧನೆಗೆ, ದುಡ್ಡಿನ ಮಾತನ್ನು ಸಂಜೆಯ ಕಮಿಟಿಗೆ ಅಂತ ಹಂಚಿಕೊಂಡವರು ನಾವೇ.

ಜಗತ್ತಿನ ದೊಡ್ಡ ಮೇಜುಗಳ ಸುತ್ತ ಏನು ನಡೆದಿದೆ ನೋಡಿ. 1991ರಲ್ಲೇ ಪೆಸಿಫಿಕ್ ಕಡಲಿನ ಪುಟ್ಟ ದೇಶ ವನುವಾಟು ಸಣ್ಣ ದ್ವೀಪ ದೇಶಗಳ ಪರವಾಗಿ ಒಂದು ಪ್ರಸ್ತಾಪ ಮುಂದಿಟ್ಟಿತು. ಕಡಲು ಏರಿ ನಮಗಾಗುವ ನಷ್ಟ ತುಂಬಲು ಶ್ರೀಮಂತ ದೇಶಗಳು ದುಡ್ಡು ಹಾಕಿ ಒಂದು ನಿಧಿ ಮಾಡಿ ಎಂದು. ನಷ್ಟಕ್ಕಾಗಿ ಒಂದು ನಿಧಿ ಇರಲಿ ಎಂದು ದೇಶಗಳು ಒಪ್ಪಿದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಎಲ್ ಶೇಖ್ ಸಮ್ಮೇಳನದಲ್ಲಿ. ಕಡತ 31 ವರ್ಷ ಮೇಜಿಂದ ಮೇಜಿಗೆ ಓಡಾಡಿತು.

ಇದಕ್ಕಿಂತ ನನ್ನನ್ನು ಚುಚ್ಚುವುದು ಇನ್ನೊಂದು ಸಾಲು. 2015ರ ಪ್ಯಾರಿಸ್ ಒಪ್ಪಂದದ 8ನೇ ವಿಧಿ ಇಂಥ ನಷ್ಟದ ಬಗ್ಗೆ ಮಾತಾಡುತ್ತದೆ. ಆದರೆ ಒಪ್ಪಂದವನ್ನು ಅಂಗೀಕರಿಸಿದ ನಿರ್ಣಯದಲ್ಲಿ, ಈ ವಿಧಿಯನ್ನು ಹೊಣೆಗಾರಿಕೆಗಾಗಲಿ ಪರಿಹಾರಕ್ಕಾಗಲಿ ಆಧಾರ ಮಾಡುವಂತಿಲ್ಲ ಎಂದು ಬರೆಸಿಕೊಂಡಿದ್ದಾರೆ. ನಮ್ಮ ಹಿರಿಯರು ಆ ಸಂಜೆ ಹೇಳಿದ ಮಾತೇ ಅಲ್ವಾ ಇದು? ಕೊಡುತ್ತೇವೆ, ಆದರೆ ದಾನ ಅಂತ ಬರಿ. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಅಭಿಪ್ರಾಯ ಕೊಟ್ಟಿತು. ಅದರ ಹಿಂದೆಯೂ ವನುವಾಟು ಇತ್ತು. ಹವಾಮಾನವನ್ನು ಕಾಪಾಡುವುದು ದೇಶಗಳಿಗೆ ಕಾನೂನಿನ ಕರ್ತವ್ಯ, ಅದನ್ನು ಮೀರಿದರೆ ನಷ್ಟ ತುಂಬಿಕೊಡಬೇಕಾಗಬಹುದು ಎಂದಿತು. ಇದು ಸಲಹೆಯ ರೂಪದ ಅಭಿಪ್ರಾಯ, ಯಾರ ಮನೆಗೂ ಜಪ್ತಿಗೆ ಬರುವುದಿಲ್ಲ. ಆದರೂ ನ್ಯಾಯಾಧೀಶರು ‘ಬಾಕಿ’ ಎಂಬ ಕಡೆಗೆ ಬಂದಿದ್ದಾರೆ. ನಾವು ಜಕ್ಕಾಯನ ಕಥೆ ಹೇಳುತ್ತಲೇ ಇನ್ನೂ ‘ದಾನ’ದಲ್ಲಿ ಕೂತಿದ್ದೇವೆ.

ಇಲ್ಲಿ ನಮ್ಮ ಬುಡಕ್ಕೇ ಬರುವ ಒಂದು ಆಪಾದನೆ ಇದೆ. ಅದರಿಂದ ತಪ್ಪಿಸಿಕೊಳ್ಳಬಾರದು. 1967ರಲ್ಲಿ ಲಿನ್ ವೈಟ್ ಎಂಬ ಅಮೆರಿಕದ ಇತಿಹಾಸಕಾರ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಪಶ್ಚಿಮದ ಕ್ರೈಸ್ತಧರ್ಮ ಮನುಷ್ಯನನ್ನು ಎಲ್ಲದರ ನಡುವೆ ಕೂರಿಸಿತು, ಮಿಕ್ಕಿದ್ದೆಲ್ಲ ಅವನ ಬಳಕೆಗೆ ಎಂದು ಕಲಿಸಿತು, ಪ್ರಕೃತಿಯ ಈ ಗತಿಗೆ ಅದರ ಹೊಣೆ ದೊಡ್ಡದು ಎಂದು. ಪರಿಸರದ ಬಗ್ಗೆ ಕಾಳಜಿ ಇರುವವರಿಗೆ ಅಸ್ಸಿಸಿಯ ಫ್ರಾನ್ಸಿಸ್ ಪಾಲಕ ಸಂತನಾಗಲಿ ಎಂದೂ ಅವರೇ ಸೂಚಿಸಿದರು. 12 ವರ್ಷದ ಮೇಲೆ, 1979ರಲ್ಲಿ, ಎರಡನೇ ಜಾನ್ ಪಾಲ್ ಪೋಪರು ಹಾಗೇ ಘೋಷಿಸಿದರು. ಸೂಚನೆಯನ್ನು ತೆಗೆದುಕೊಂಡೆವು, ಆಪಾದನೆಯನ್ನು ಅಲ್ಲೇ ಬಿಟ್ಟೆವು ಅನ್ನಿಸುತ್ತದೆ ನನಗೆ.

ಆದಿಕಾಂಡ 1:28ರಲ್ಲಿ ಇರುವ ಹೀಬ್ರೂ ಪದಗಳು ಮೆತ್ತಗಿನವಲ್ಲ. ಕಾಬಷ್ ಅಂದರೆ ವಶಮಾಡಿಕೋ. ರಾದಾ ಅಂದರೆ ಆಳು. ಕೆಲವರು ಇವನ್ನು ನಯವಾಗಿ ತೇಯ್ದು ‘ಪಾಲನೆ’ ಅಂದುಬಿಡುತ್ತಾರೆ. ತೇಯುವುದು ಬೇಡ. ಅದೇ ರಾದಾ ಬೈಬಲಿನಲ್ಲಿ ಬೇರೆಲ್ಲಿ ಬಂದಿದೆ ನೋಡಿದರೆ ಸಾಕು. ಯಾಜಕಕಾಂಡ 25ರಲ್ಲಿ, ಬಡತನದಿಂದ ನಿನ್ನ ಹತ್ತಿರ ದುಡಿಯಲು ಬಂದ ಸಹೋದರನನ್ನು ಕ್ರೂರವಾಗಿ ಆಳಬೇಡ ಎನ್ನುವ ಕಡೆ ಇದೆ. ಕೀರ್ತನೆ 72ರಲ್ಲಿ ಸಮುದ್ರದಿಂದ ಸಮುದ್ರಕ್ಕೆ ಆಳುವ ಅರಸನಿಗೆ ಇದೆ, ಆ ಅರಸನ ಕೆಲಸ ದಿಕ್ಕಿಲ್ಲದ ಬಡವರನ್ನು ಬಿಡಿಸುವುದು. ಯೆಹೆಜ್ಕೇಲ 34ರಲ್ಲಿ ಕುರಿಗಳನ್ನು ಬಲಾತ್ಕಾರದಿಂದ ಆಳಿದ ಕುರುಬರನ್ನು ದೇವರು ಬೈಯುವಾಗ ಬಳಸುವುದೂ ಇದೇ ಪದ. ಆಳುವವನನ್ನು ವಿಚಾರಣೆಗೆ ಕರೆಯದೆ ಈ ಪದ ಬಂದದ್ದು ಕಡಿಮೆ.

ಎರಡನೇ ಅಧ್ಯಾಯದಲ್ಲಿ ಕೆಲಸ ಇನ್ನೂ ಸ್ಪಷ್ಟ. ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅಲ್ಲಿ ಗೇಯಲು ಮತ್ತು ಅದನ್ನು ಕಾಯಲು. ಗೇಯು ಎನ್ನುವುದಕ್ಕೆ ಅಬದ್, ಕಾಯು ಎನ್ನುವುದಕ್ಕೆ ಶಾಮರ್. ಇದೇ ಜೋಡಿ ಅರಣ್ಯಕಾಂಡ 3ರಲ್ಲಿ ದೇವಸೇವೆಗೆ ಮೀಸಲಾದ ಲೇವಿ ಕುಲದವರು ದೇವದರ್ಶನದ ಗುಡಾರದಲ್ಲಿ ಮಾಡುವ ಸೇವೆಗೂ ಬರುತ್ತದೆ. ಆರಾಧನೆಯ ಕೊನೆಗೆ ನೀವು ಕೈಯೆತ್ತಿ, ಕರ್ತನು ನಿಮ್ಮನ್ನು ಆಶೀರ್ವದಿಸಿ ಕಾಪಾಡಲಿ ಅನ್ನುತ್ತೀರಲ್ಲ, ಅರಣ್ಯಕಾಂಡ 6ರ ಆ ‘ಕಾಪಾಡಲಿ’ ಕೂಡ ಶಾಮರ್. ದೇವರು ನಮ್ಮನ್ನು ಹೇಗೆ ಕಾಯಲಿ ಎಂದು ಕೇಳಿಕೊಳ್ಳುತ್ತೇವೋ ಹಾಗೆ ನಾವು ತೋಟ ಕಾಯಬೇಕು.

ಕನ್ನಡದ ‘ಕಾಯು’ ಹೀಬ್ರೂಗಿಂತ ಜಾಣ ಪದ. ಕುರಿ ಕಾಯುವುದೂ ಕಾಯುವುದೇ, ಬರುವವರಿಗಾಗಿ ಕಾಯುವುದೂ ಕಾಯುವುದೇ, ಒಲೆಯ ಮೇಲೆ ಹೆಂಚು ಕಾಯುವುದೂ ಕಾಯುವುದೇ. ಭೂಮಿ ಕಾಯುತ್ತಿದೆ, 2024 ಅಳತೆಯ ದಾಖಲೆಯಲ್ಲೇ ಅತಿ ಬಿಸಿಯ ವರ್ಷವಾಗಿತ್ತು. ಸಭೆ ಕರ್ತನ ಬರೋಣಕ್ಕೆ ಕಾಯುತ್ತಿದೆ. ತೋಟ ಕಾಯುವ ಕೆಲಸ ಮಾತ್ರ ಯಾರ ಪಾಲಿಗೂ ಬಂದ ಹಾಗಿಲ್ಲ.

ಬರೋಣದ ಮಾತು ಬಂತು. ಒಂದು ಬೈಬಲ್ ಅಧ್ಯಯನದಲ್ಲಿ ಇದೇ ವಿಷಯ ಎತ್ತಿದ್ದೆ. ಸಹೋದರರೊಬ್ಬರು ನಗುತ್ತಲೇ, ‘ಹೇಗೂ ಎಲ್ಲ ಸುಟ್ಟುಹೋಗೋದು ತಾನೆ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರಿ’ ಅಂದರು. ಒಳ್ಳೆಯ ಮನುಷ್ಯ. ಕೇಡು ಬಯಸುವವರಲ್ಲ. ಪುಲ್ಪಿಟ್ಟಿನಿಂದ ಕೇಳಿದ್ದನ್ನೇ ಹೇಳಿದರು. ಅದಕ್ಕೇ ಈ ಪತ್ರ ಅವರಿಗಲ್ಲ, ನಿಮಗೆ.

ಅವರ ಮಾತಿಗೆ ಆಧಾರ ಪೇತ್ರನ ಎರಡನೇ ಪತ್ರ, 3:10. ನಮ್ಮ ಹಳೆಯ ಅನುವಾದದಲ್ಲಿ ಭೂಮಿಯೂ ಅದರಲ್ಲಿರುವ ಕೆಲಸಗಳೂ ಸುಟ್ಟುಹೋಗುವವು ಎಂದಿದೆ. ಸೆಮಿನರಿಯಲ್ಲಿ ನೀವು ಇದನ್ನು ಓದಿರುತ್ತೀರಿ, ನಮಗೆ ಮಾತ್ರ ಹೇಳಿಲ್ಲ. ನಾಲ್ಕನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಆ ಜಾಗದಲ್ಲಿರುವ ಗ್ರೀಕ್ ಪದಕ್ಕೆ ‘ಕಂಡುಬರುವವು’, ‘ಬಯಲಿಗೆ ಬರುವವು’ ಎಂಬ ಅರ್ಥ. ಹೊಸ ಅನುವಾದಗಳು ಬಹುಮಟ್ಟಿಗೆ ಅದನ್ನೇ ಹಿಡಿದಿವೆ. ನಾಲ್ಕು ವಚನ ಹಿಂದೆ ಹೋದರೆ ಪೇತ್ರ ನೋಹನ ಪ್ರಳಯದ ಮಾತಾಡುತ್ತಾನೆ. ಆಗಿನ ಲೋಕ ನೀರಿನಲ್ಲಿ ನಾಶವಾಯಿತು ಅನ್ನುತ್ತಾನೆ. ಆದರೆ ನೀರು ಇಳಿದ ಮೇಲೆ ನೋಹ ಕಾಲಿಟ್ಟದ್ದು ಇದೇ ನೆಲದ ಮೇಲೆ.

ಖಜಾಂಚಿಗೆ ‘ಬಯಲಿಗೆ ಬರುವುದು’ ಅಂದರೆ ಆಡಿಟ್. ಆಡಿಟರು ಬರುವ ತಾರೀಕು ಗೊತ್ತಾದ ಮೇಲೆ ಯಾವ ಖಜಾಂಚಿಯೂ ‘ಪುಸ್ತಕ ಹೇಗೂ ಸುಟ್ಟುಹೋಗುತ್ತೆ ಬಿಡಿ’ ಎಂದು ಮಲಗುವುದಿಲ್ಲ. ರಾತ್ರಿಯೆಲ್ಲ ಕೂತು ವೋಚರು ಜೋಡಿಸುತ್ತಾನೆ. ಪ್ರಕಟನೆ 11:18ರಲ್ಲಿ ಭೂಮಿಯನ್ನು ನಾಶಮಾಡುವವರನ್ನು ನಾಶಮಾಡುವ ಕಾಲ ಬಂತು ಎಂದಿದೆ. ಆ ವಚನದ ಮೇಲೆ ಒಂದು ಪ್ರಸಂಗ ಕೇಳಿದ ನೆನಪು ನನಗಿಲ್ಲ. ಅದೇ ಪುಸ್ತಕದಲ್ಲಿ ಬರುವ ಮೃಗದ ಸಂಖ್ಯೆ 666ರ ಮೇಲೆ ಎಷ್ಟು ಕೇಳಿದ್ದೇನೋ ಲೆಕ್ಕವಿಲ್ಲ.

ಪ್ರಳಯದ ನಂತರ ದೇವರು ತನ್ನ ಮಾತಿನ ಗುರುತಾಗಿ ಇಟ್ಟ ಕಾಮನಬಿಲ್ಲಿನ ಕಥೆಯೂ ಹೀಗೇ ಉಲ್ಟಾ ಹೊಡೆಯುತ್ತದೆ. ಪೆಸಿಫಿಕ್ ಕಡಲಿನ ಕಿರಿಬಾಟಿ, ತುವಾಲು ಹವಳದ ದಿಬ್ಬಗಳ ದೇಶಗಳು. ನೆಲದ ಬಹುಪಾಲು ಕಡಲ ಮಟ್ಟದಿಂದ ಎರಡು ಮೂರು ಮೀಟರ್ ಎತ್ತರ ಅಷ್ಟೇ. ಜನ ಬಹುತೇಕ ಕ್ರೈಸ್ತರು. ಅಲ್ಲಿನ ಹಿರಿಯ ವಿಶ್ವಾಸಿಗಳು ಹಲವರು, ಇನ್ನೊಂದು ಪ್ರಳಯ ತರುವುದಿಲ್ಲ ಎಂದು ದೇವರು ನೋಹನಿಗೆ ಮಾತು ಕೊಟ್ಟಿದ್ದಾನೆ, ನಾವು ಮುಳುಗುವುದಿಲ್ಲ ಎಂದು ನಂಬುತ್ತಾರೆ. ಆ ನಂಬಿಕೆಯನ್ನು ನೋಡಿ ನಗುವ ಅರ್ಹತೆ ನಮಗಿಲ್ಲ. ದೇವರು ಕೊಟ್ಟ ಮಾತು ‘ನಾನು ಮುಳುಗಿಸುವುದಿಲ್ಲ’ ಎಂಬುದು. ದೂರದಲ್ಲಿ ಕೂತವರು ಮುಳುಗಿಸುವುದಿಲ್ಲ ಎಂದು ಯಾರೂ ಅವರಿಗೆ ಮಾತು ಕೊಟ್ಟಿಲ್ಲ. ಆದಿಕಾಂಡ 9ರ ಆ ಒಡಂಬಡಿಕೆ ನೋಹನೊಬ್ಬನ ಜೊತೆ ಆದದ್ದೂ ಅಲ್ಲ. ಪಕ್ಷಿ, ಪಶು, ಕಾಡುಮೃಗ, ಜೀವವಿರುವ ಎಲ್ಲವುಗಳ ಜೊತೆ ಎಂದು ಅದೇ ಅಧ್ಯಾಯ ಮತ್ತೆ ಮತ್ತೆ ಹೇಳುತ್ತದೆ. ನಾವು ಬಣ್ಣ ಹಚ್ಚಲು ಮಕ್ಕಳಿಗೆ ಕೊಡುವ ಚಿತ್ರದಲ್ಲಿ ಅವು ಹಡಗಿನ ಕಿಟಕಿಯಲ್ಲಿ ಇಣುಕುವ ಅಲಂಕಾರ.

ಗುಬ್ಬಚ್ಚಿಗಳ ಲೆಕ್ಕ ಒಂದು ಹೇಳಿ ಮುಂದೆ ಹೋಗುತ್ತೇನೆ, ನನಗೆ ಅದು ತುಂಬಾ ಇಷ್ಟ. ಮತ್ತಾಯನಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನಲ್ಲಿ ಎರಡು ಕಾಸಿಗೆ ಐದು. ಎರಡು ಕಾಸಿಗೆ ನಾಲ್ಕು ತಾನೆ ಬರಬೇಕು? ಐದನೆಯದು ಕೊಸರು. ಜಾಸ್ತಿ ಕೊಂಡವರಿಗೆ ವ್ಯಾಪಾರಿ ಸುಮ್ನೆ ಸೇರಿಸಿ ಕೊಟ್ಟದ್ದು. ಅದಕ್ಕೆ ಬೆಲೆಯೇ ಇಲ್ಲ, ಯಾವ ಪುಸ್ತಕಕ್ಕೂ ಅದು ಏರುವುದಿಲ್ಲ. ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ ಎನ್ನುತ್ತಾನೆ ಯೇಸು. ಹವಾಮಾನ ಸಮ್ಮೇಳನಗಳ ಕಾರ್ಬನ್ ಪೇಟೆಯಲ್ಲಿ ಟನ್ನಿಗೆ ಇಷ್ಟು ಎಂದು ಕಾಡಿಗೆ ಬೆಲೆ ಕಟ್ಟುವ ಸುದ್ದಿ ಓದಿದಾಗೆಲ್ಲ ನನಗೆ ಆ ಕೊಸರು ಗುಬ್ಬಿ ನೆನಪಾಗುತ್ತದೆ.

ಸಭೆಗಳು ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ಆರ್ಥೊಡಾಕ್ಸ್ ಸಭೆಗಳ ಹಿರಿಯ ಗುರುವಾದ ಕಾನ್‌ಸ್ಟಾಂಟಿನೋಪಲ್‌ನ ಮಹಾಪಿತೃ ಡಿಮಿಟ್ರಿಯೋಸ್ 1989ರಲ್ಲೇ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಎಂದರು. ಅವರ ನಂತರ ಬಂದ ಬಾರ್ತಲೊಮಾಯೊಸ್ 1997ರಲ್ಲಿ, ಪ್ರಕೃತಿಯ ವಿರುದ್ಧ ಮಾಡುವ ಅಪರಾಧ ಪಾಪವೇ ಎಂದು ನೇರವಾಗಿ ಹೇಳಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೊ ಸಿ’ ಎಂಬ ವಿಶ್ವಪತ್ರ ಬರೆದರು. ಭೂಮಿಯ ಕೂಗು, ಬಡವರ ಕೂಗು ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕು ಎಂದರು. ಉತ್ತರದ ದೇಶಗಳು ದಕ್ಷಿಣದ ದೇಶಗಳಿಗೆ ಪರಿಸರದ ಸಾಲ ಉಳಿಸಿಕೊಂಡಿವೆ ಎಂದೂ ಬರೆದರು. ಸಾಲ! ಆ ಪದ ಅಲ್ಲಿದೆ. ಜಾಗತಿಕ ಸಭೆಗಳ ಒಕ್ಕೂಟ 2014ರಲ್ಲಿ ಕಲ್ಲಿದ್ದಲು, ತೈಲದ ಕಂಪನಿಗಳಲ್ಲಿ ಹಣ ತೊಡಗಿಸುವುದಿಲ್ಲ ಎಂದು ತೀರ್ಮಾನಿಸಿತು. ಇಂಗ್ಲೆಂಡಿನ ಸಭೆ ದೊಡ್ಡ ತೈಲ ಕಂಪನಿಗಳಿಂದ ತನ್ನ ಹಣ ಹಿಂದಕ್ಕೆ ತೆಗೆಯುವುದಾಗಿ ಹೇಳಿದ್ದು 2023ರಲ್ಲಿ. ಮೇಲೆ ಇಷ್ಟೆಲ್ಲ ಬರೆದದ್ದು ಕೆಳಗೆ ನಮ್ಮ ಬೆಂಚಿಗೆ ಬರುವಷ್ಟರಲ್ಲಿ ಸಸಿ ನೆಡುವ ದಿನವಾಗಿ ಕರಗಿಹೋಗಿದೆ.

ಸಸಿಯ ಬಗ್ಗೆ ನನ್ನ ಜಗಳವಿಲ್ಲ. ಆದರೆ ಹೋದ ವರ್ಷದ ಗುಂಡಿಗೇ ಈ ವರ್ಷದ ಸಸಿ ಇಡುವುದನ್ನು ನಾನೇ ನೋಡಿದ್ದೇನೆ, ಅದರ ವೋಚರಿಗೆ ಸಹಿಯನ್ನೂ ಹಾಕಿದ್ದೇನೆ. ಎರಡು ವರ್ಷವೂ ಒಂದೇ ಗುಂಡಿ, ಎರಡು ಬಿಲ್ಲು. ಇಥಿಯೋಪಿಯಾದ ಉತ್ತರ ಭಾಗದ ಚಿತ್ರಗಳನ್ನು ಆಕಾಶದಿಂದ ತೆಗೆದದ್ದು ಸಿಕ್ಕಿದರೆ ನೋಡಿ. ಉತ್ತು ಬೋಳಾದ ಕಂದು ನೆಲದ ನಡುವೆ ಅಲ್ಲೊಂದು ಇಲ್ಲೊಂದು ದುಂಡನೆಯ ಹಸಿರು ಚುಕ್ಕೆ. ಪ್ರತಿ ಚುಕ್ಕೆಯ ನಟ್ಟನಡುವೆ ಒಂದು ಆರ್ಥೊಡಾಕ್ಸ್ ದೇವಾಲಯ. ಸುತ್ತ ಕಾಡೆಲ್ಲ ಹೊಲವಾಗಿ ಹೋದರೂ ದೇವಾಲಯದ ಸುತ್ತಿನ ಮರಕ್ಕೆ ಕೊಡಲಿ ಹಾಕಲು ಅವರು ಬಿಡಲಿಲ್ಲ. ಶತಮಾನಗಳಿಂದ ಕಾದಿದ್ದಾರೆ. ನೆಟ್ಟ ಫೋಟೊ ಅವರ ಹತ್ತಿರ ಇರಲಾರದು.

ಇನ್ನು ನೀವು ಕೇಳಬಹುದಾದ ಪ್ರಶ್ನೆಗಳು. ಸಾಲವನ್ನು ಶಿಲುಬೆಯ ಮೇಲೆ ಕ್ರಿಸ್ತನೇ ತೀರಿಸಿದ್ದಾನಲ್ಲ ಎಂದು ಒಬ್ಬರು ಕೇಳಿಯೇ ಕೇಳುತ್ತಾರೆ. ಹೌದು, ನನ್ನ ನಿರೀಕ್ಷೆಯೂ ಅದೇ. ಕರ್ತನ ಪ್ರಾರ್ಥನೆಯಲ್ಲಿ ನಾವು ‘ತಪ್ಪುಗಳನ್ನು ಕ್ಷಮಿಸು’ ಎನ್ನುವ ಕಡೆ ಮತ್ತಾಯನ ಗ್ರೀಕ್ ಮೂಲದಲ್ಲಿ ‘ಸಾಲ’ ಎಂದೇ ಇದೆ. ಆದರೆ ಸಾಲ ಮನ್ನಾ ಮಾಡುವುದು ಕೊಟ್ಟವನ ಹಕ್ಕು. ಸಾಲಗಾರ ತಾನೇ ತನ್ನ ಸಾಲವನ್ನು ಹೊಡೆದುಹಾಕಿದ ಪುಸ್ತಕ ನಾನು ನೋಡಿಲ್ಲ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಸರಿಮಾಡಿಕೋ ಎಂದ ಯೇಸು. ಕಾಣಿಕೆ ಎಣಿಸುವವನಾಗಿ ಹೇಳುತ್ತೇನೆ, ಆ ಮಾತನ್ನು ನಾವು ಪಾಲಿಸಿದ್ದರೆ ನನ್ನ ಭಾನುವಾರದ ಕೆಲಸ ಎಷ್ಟೋ ಹಗುರಾಗುತ್ತಿತ್ತು.

ಬೆಂಚಿನಲ್ಲಿ ಕೂತ ಬಡವರ ತಲೆಗೆ ಇದನ್ನು ಕಟ್ಟುವುದು ಸರಿಯೇ ಎಂದರೆ, ಖಂಡಿತ ಸರಿಯಲ್ಲ. ಈ ವಿಷಯದ ಮೇಲೆ ನಾನು ಕೇಳಿದ ಒಂದೇ ಪ್ರಸಂಗ ಫ್ಯಾನ್ ಆರಿಸಿ, ನಲ್ಲಿ ತಿರುಗಿಸಿ ಎಂದು ಹೇಳಿ ಮುಗಿಯಿತು. ಒಂದೇ ಫ್ಯಾನಿನ ಮನೆಯಿಂದ ಬಂದವರೂ ಅಲ್ಲಿ ತಲೆತಗ್ಗಿಸಿ ಕೂತಿದ್ದರು. ಅವರವರ ಕಾರ್ಬನ್ ಹೆಜ್ಜೆಗುರುತನ್ನು ಅವರವರೇ ಅಳೆದುಕೊಳ್ಳಿ ಎಂಬ ಮಾತನ್ನು ಊರೆಲ್ಲ ಹಬ್ಬಿಸಿದ್ದು ಒಂದು ದೊಡ್ಡ ತೈಲ ಕಂಪನಿಯ ಜಾಹೀರಾತು ಎಂಬುದು ನೆನಪಿರಲಿ. ಜಕ್ಕಾಯ ಜೆರಿಕೋವಿನ ಜನರನ್ನೆಲ್ಲ ಸೇರಿಸಿ ‘ನಾವೆಲ್ಲರೂ ಪಾಪಿಗಳೇ’ ಎಂದು ಭಾಷಣ ಮಾಡಲಿಲ್ಲ. ತನ್ನ ಪುಸ್ತಕವನ್ನು ತಾನು ತೆರೆದ.

ರಾಜಕೀಯ ಬೇಡ ಅನ್ನುವವರು ಅರಸುಗಳ ಮೊದಲನೆಯ ಗ್ರಂಥದ 21ನೇ ಅಧ್ಯಾಯ ಓದಲಿ. ನಾಬೋತನ ದ್ರಾಕ್ಷಿ ತೋಟವನ್ನು ಅರಸ ಅಹಾಬ ನುಂಗಿದಾಗ, ಅವನನ್ನು ಎದುರಿಸಲು ಪ್ರವಾದಿ ಎಲೀಯ ನಡೆದುಕೊಂಡು ಹೋದದ್ದು ಆ ತೋಟದೊಳಕ್ಕೇ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನಮ್ಮ ಪುಸ್ತಕದಿಂದ. ಸಭೆಗಳ ಠೇವಣಿ, ಪಿಂಚಣಿ ನಿಧಿ, ಸಂಸ್ಥೆಗಳ ಹಣ ಯಾವ ಕಂಪನಿಗಳಲ್ಲಿ ಕೂತಿದೆ ಎಂದು ಬರೆದು ಬಾಗಿಲಿಗೆ ಅಂಟಿಸಿ. ಸಭೆಯ ನೆಲ ಎಷ್ಟಿದೆ, ಅದರಲ್ಲಿ ಮರ ಎಷ್ಟು, ಮಾರಿದ್ದು ಎಷ್ಟು ಎಂದೂ ಬರೆಯಿರಿ. ಯಾಜಕಕಾಂಡ 25:23ರಲ್ಲಿ ದೇವರು ಭೂಮಿ ನನ್ನದು, ನೀವು ನನ್ನ ಹತ್ತಿರ ಇಳಿದುಕೊಂಡಿರುವ ಪರದೇಶಿಗಳು ಅನ್ನುತ್ತಾನೆ. ಬಾಡಿಗೆದಾರ ಮನೆ ಮಾಲೀಕನಿಗೆ ಹೇಳದೆ ಗೋಡೆ ಒಡೆದ ಹಾಗೆ ನಾವು ನಡೆದುಕೊಂಡದ್ದು ಎಷ್ಟು ಸಲ ಎಂದು ಆ ಹಾಳೆ ನೋಡಿದರೆ ಗೊತ್ತಾಗುತ್ತದೆ. ನೆರೆ, ಬರದ ಕಾಣಿಕೆಗೆ ಪುಸ್ತಕದಲ್ಲಿ ಬೇರೆ ಬಾಬ್ತು ತೆರೆಯಲು ಕಮಿಟಿಗೆ ಒಂದು ಸಾಲಿನ ಆದೇಶ ಕಳಿಸಿ. ಹೆಸರು ‘ಬಾಕಿ ಪಾವತಿ’. ಜನ ಯಾಕೆ ಹೀಗೆ ಎಂದು ಕೇಳುತ್ತಾರೆ. ಕೇಳಲಿ. ಆ ಪ್ರಶ್ನೆಗೆ ಉತ್ತರ ಹೇಳುವುದೇ ಮುಂದಿನ ಭಾನುವಾರದ ಪ್ರಸಂಗ.

ಸೆಪ್ಟೆಂಬರ್ 1ಕ್ಕೆ ಪಾಪದ ಅರಿಕೆಯ ಪ್ರಾರ್ಥನೆಯನ್ನು ಯಾರಾದರೂ ಹೊಸದಾಗಿ ಬರೆಯಬೇಕಾಗುತ್ತದೆ. ಈಗ ಇರುವುದರಲ್ಲಿ ಮಾತಿನಲ್ಲೂ ಯೋಚನೆಯಲ್ಲೂ ಕ್ರಿಯೆಯಲ್ಲೂ ಪಾಪ ಮಾಡಿದ್ದೇವೆ ಎಂದಿದೆ. ಚೆನ್ನಾಗಿಯೇ ಇದೆ, ಆದರೆ ಮೊತ್ತ ಹೇಳದ ವೋಚರಿನ ಹಾಗಿದೆ. ಗುರುಗಳು ಯಾರೂ ಪುರುಸೊತ್ತಿಲ್ಲ ಅಂದರೆ ನಾನೇ ಒಂದು ಕರಡು ಬರೆದು ಕಳಿಸುತ್ತೇನೆ. ಉದ್ದ ಇರುವುದಿಲ್ಲ. ಎರಡನೇ ಸಾಲಿನಲ್ಲಿ ಕಲ್ಲಿದ್ದಲು ಬರುತ್ತದೆ, ಮೂರನೇ ಸಾಲಿನಲ್ಲಿ ತುವಾಲು. ನಾಲ್ಕನೇ ಸಾಲನ್ನು ಖಾಲಿ ಬಿಡುತ್ತೇನೆ. ಅಲ್ಲಿ ಆಯಾ ಸಭೆಯವರು ತಮ್ಮ ತಮ್ಮ ಲೆಕ್ಕ ಬರೆದುಕೊಳ್ಳಬೇಕು.

ಕರ್ತನಲ್ಲಿ ನಿಮ್ಮವನು,
ಹಿಂದಿನ ಬೆಂಚಿನ ಒಬ್ಬ ಖಜಾಂಚಿ